ಇಂಜೆಕ್ಟರ್ ಬದಲಿಸುವಾಗ ಹಳೇ ವಾಷರ್, ಓ ರಿಂಗ್, ಪೈಪ್: ಯಾವುದನ್ನು ಮತ್ತೆ ಹಾಕಬಹುದು, ಯಾವುದನ್ನು ಹಾಕಲೇಬಾರದು?

ಲಾರಿಯ ಇಂಜೆಕ್ಟರನ್ನು, ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗವನ್ನು, ಬಿಚ್ಚಿ ಟೇಬಲ್ ಮೇಲೆ ಇಟ್ಟ ಕೂಡಲೇ ಗ್ಯಾರೇಜಿನಲ್ಲಿ ಒಂದು ಮಾತು ಬಂದೇ ಬರುತ್ತದೆ. “ಅಣ್ಣ, ವಾಷರ್ ಚೆನ್ನಾಗೇ ಇದೆಯಲ್ಲ, ಇದನ್ನೇ ಹಾಕಿಬಿಡ್ಲಾ?” ಮಾಲೀಕ ಹೂಂ ಅಂದರೆ ಮುಗಿಯಿತು. ಇಂಜೆಕ್ಟರಿಗೆ ಸಾವಿರಗಟ್ಟಲೆ ಕೊಟ್ಟವರೇ ಅದರ ಕೆಳಗೆ ಕೂರುವ ತಾಮ್ರದ ಬಿಲ್ಲೆಗೆ ಬಂದಾಗ ಕೈ ಬಿಗಿ ಮಾಡುತ್ತಾರೆ.

ಎಲ್ಲವನ್ನೂ ಹೊಸದೇ ಹಾಕಿ ಅಂತ ಹೇಳಿ ಈ ಬರಹ ಮುಗಿಸಬಹುದಿತ್ತು. ಆದರೆ ಒಂದೇ ಲಾರಿ ಇಟ್ಟುಕೊಂಡು, ಕಂತು ಕಟ್ಟುತ್ತಾ ಬಾಡಿಗೆ ಓಡಿಸುವವರಿಗೆ ಆ ಮಾತಿನಿಂದ ಏನೂ ಸಹಾಯ ಆಗುವುದಿಲ್ಲ. ಕೆಲವು ಭಾಗಗಳನ್ನು ಧೈರ್ಯವಾಗಿ ಮತ್ತೆ ಹಾಕಬಹುದು. ಕೆಲವನ್ನು ನೋಡಿ ತೀರ್ಮಾನಿಸಬೇಕು. ಇನ್ನು ಕೆಲವನ್ನು ಹಾಕಿದರೆ ಹೊಸ ಇಂಜೆಕ್ಟರೇ ಹಾಳಾಗುತ್ತದೆ. ನಾನು ನೋಡುವುದು ಎರಡೇ ವಿಷಯ. ಆ ಭಾಗ ಒತ್ತಿಸಿಕೊಂಡು, ಆಕಾರ ಬದಲಿಸಿಕೊಂಡು ಕೆಲಸ ಮಾಡುತ್ತದಾ, ಅಥವಾ ಸುಮ್ನೆ ಹಿಡಿದುಕೊಂಡಿರುತ್ತದಾ? ಅದು ಕೈಕೊಟ್ಟರೆ ಮತ್ತೆ ಬಿಚ್ಚಲು ಎಷ್ಟು ಕೆಲಸ?

ನಮ್ಮಲ್ಲಿ ಎರಡನೇ ಪ್ರಶ್ನೆಗೆ ತೂಕ ಜಾಸ್ತಿ. ಕೊಡಗಿಗೆ ರೈಲಿಲ್ಲ. ಕಾಫಿ, ಕರಿಮೆಣಸು, ಸಿಲ್ವರ್ ಓಕ್ ಮರ, ಜಲ್ಲಿ, ಗೊಬ್ಬರ, ಸಿಮೆಂಟ್ ಎಲ್ಲವೂ ಲಾರಿ, ಟಿಪ್ಪರ್, ಪಿಕಪ್ ಮೇಲೆಯೇ ಹೋಗಬೇಕು, ಬರಬೇಕು. ಕುಶಾಲನಗರದ ಸಮತಟ್ಟು ರಸ್ತೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಸೋರುವ ವಾಷರ್, ಸಂಪಾಜೆಯಿಂದ ಮಡಿಕೇರಿಗೆ ಲೋಡ್ ಹಾಕಿಕೊಂಡು ಎರಡನೇ ಗೇರಿನಲ್ಲಿ ಹತ್ತುವಾಗ ತನ್ನ ಗುಣ ತೋರಿಸುತ್ತದೆ. ಇಂಜಿನ್ ಪೂರ್ತಿ ಭಾರದಲ್ಲಿ ಬಿಡುವಿಲ್ಲದೆ ದುಡಿಯುವುದು ಅಲ್ಲೇ. ಕೇರಳ ಗಡಿಯ ಮಾಕುಟ್ಟದ ಕಾಡಿನೊಳಗೆ ಲಾರಿ ನಿಂತರೆ ಮೆಕ್ಯಾನಿಕ್ ಕರೆಸುವ ಖರ್ಚಿನಲ್ಲೇ ಪೂರ್ತಿ ಸೀಲ್ ಕಿಟ್ ಬಂದುಬಿಡುತ್ತದೆ.

ಮೊದಲು ಇಂಜಿನ್ ಯಾವುದು ಅಂತ ನೋಡಿ

ಹಳೇ ಟಾಟಾ 407, 1210ರಂಥ ಗಾಡಿಗಳಲ್ಲಿ ಇರುವುದು ಮೆಕ್ಯಾನಿಕಲ್ ಪಂಪ್. ಪಂಪಿನಿಂದ ಒಂದೊಂದು ಸಿಲಿಂಡರಿಗೆ ಒಂದೊಂದು ಪೈಪ್ ಹೋಗುತ್ತದೆ. ಗ್ಯಾರೇಜಿನವರು ಅದರ ಇಂಜೆಕ್ಟರನ್ನು ನಾಜಲ್ ಅಂತಲೇ ಕರೆಯುತ್ತಾರೆ. ಸಾಮಾನ್ಯವಾಗಿ 200ರಿಂದ 250 ಬಾರ್ ಒತ್ತಡದ ಸುಮಾರಿಗೆ ಅದು ತೆರೆದುಕೊಳ್ಳುತ್ತದೆ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಈ ಗಾಡಿಗಳನ್ನು ರಿಪೇರಿಗೆಂದೇ ಮಾಡಿದ್ದಾರೆ ಅನ್ನಬಹುದು. ನಾಜಲ್ ತುದಿ ಮಾತ್ರ ಬದಲಿಸಬಹುದು, ಒಳಗೆ ಶಿಮ್, ಅಂದರೆ ತೆಳು ಬಿಲ್ಲೆ, ಹಾಕಿ ಪ್ರೆಶರ್ ಹೊಂದಿಸಬಹುದು, ಪೈಪ್ ಹಳೇದನ್ನೇ ಹಾಕಬಹುದು.

ಕಾಮನ್ ರೈಲ್ ಬೇರೆಯೇ ಲೋಕ. ಇದರಲ್ಲಿ ಪಂಪ್ ಡೀಸೆಲನ್ನು ರೈಲ್ ಅನ್ನುವ ಒಂದೇ ದಪ್ಪ ಕೊಳವೆಗೆ ಒತ್ತಿ ತುಂಬುತ್ತದೆ, ಅಲ್ಲಿಂದ ಎಲ್ಲ ಇಂಜೆಕ್ಟರಿಗೂ ಹೋಗುತ್ತದೆ. 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಿಎಸ್ 4 ಹೊಗೆ ನಿಯಮ ಬಂದ ಮೇಲಿನ ಹೆಚ್ಚಿನ ಡೀಸೆಲ್ ಗಾಡಿಗಳು, 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳು ಈ ಜಾತಿಯವು. ರೈಲಿನಲ್ಲಿ ಒತ್ತಡ 1600 ಬಾರ್, ಕೆಲವದರಲ್ಲಿ 2000 ಬಾರ್ ಮುಟ್ಟುತ್ತದೆ. ಇಂಜೆಕ್ಟರ್ ಒಳಗಿನ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಜಾಗ ಕೆಲವೇ ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ ಅಂದರೆ ಲೆಕ್ಕ ಹಾಕಿ. ಹಳೇ ಗಾಡಿಯಲ್ಲಿ ನಡೆಯುತ್ತಿದ್ದ ಜುಗಾಡು ಇಲ್ಲಿ ನಡೆಯುವುದಿಲ್ಲ. ಮೂವತ್ತು ವರ್ಷ ಹಳೇ ಪಂಪಿನ ಗಾಡಿ ಮಾಡಿದ ಒಳ್ಳೇ ಮೇಸ್ತ್ರಿಯೂ ಇದೊಂದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಅವರ ಕೈಚಳಕದಲ್ಲಿ ಕೊರತೆಯಿಲ್ಲ, ಯಂತ್ರವೇ ಬದಲಾಗಿದೆ.

ತಾಮ್ರದ ವಾಷರ್

ಬಿಚ್ಚಿದ ವಾಷರನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಎರಡೂ ಕಡೆ ದುಂಡಗೆ ಒಂದು ಗೆರೆ ಕಾಣುತ್ತದೆ. ಅದರ ಮೇಲೆ ಉಗುರು ಆಡಿಸಿದರೆ ಅಂಚು ತಡೆಯುತ್ತದೆ. ಅದು ಇಂಜೆಕ್ಟರ್ ಕೂತ ಗುರುತು. ಬಿಗಿ ಮಾಡುವಾಗ ಅಲ್ಲಿನ ತಾಮ್ರ ಒತ್ತಿ ಹರಡಿ, ಹೆಡ್ಡಿನ (ಸಿಲಿಂಡರಿನ ಮೇಲ್ಮುಚ್ಚಳದ) ಮತ್ತು ಇಂಜೆಕ್ಟರಿನ ಮೈಮೇಲಿನ ಕಣ್ಣಿಗೆ ಕಾಣದ ತಗ್ಗುಗಳನ್ನೆಲ್ಲ ತುಂಬಿಕೊಂಡಿರುತ್ತದೆ. ಸೀಲ್ ಆಗುವುದು ಹಾಗೆ. ಆದರೆ ಒತ್ತಿದಷ್ಟೂ ಗಟ್ಟಿಯಾಗುವುದು ತಾಮ್ರದ ಗುಣ. ಒಮ್ಮೆ ಒತ್ತಿಸಿಕೊಂಡದ್ದು ಎರಡನೇ ಸಲ ಅಷ್ಟು ಸುಲಭವಾಗಿ ಹರಡುವುದಿಲ್ಲ. ಹಳೇ ಗೆರೆ ಹೊಸ ಇಂಜೆಕ್ಟರಿನ ಅಂಚಿಗೆ ಸರಿಯಾಗಿ ಕೂರುವುದೂ ಇಲ್ಲ.

ಕೂರದಿದ್ದರೆ ಏನಾಗುತ್ತದೆ? ಪೂರ್ತಿ ಲೋಡಿನಲ್ಲಿ ಇಂದಿನ ಟರ್ಬೊ ಡೀಸೆಲ್ ಸಿಲಿಂಡರಿನಲ್ಲಿ ಒತ್ತಡ 150 ಬಾರ್ ದಾಟುತ್ತದೆ. ಆ ಬಿಸಿ ಗ್ಯಾಸಿಗೆ ಎಳೆಯಷ್ಟು ದಾರಿ ಸಿಕ್ಕರೆ ಸಾಕು. ಮೊದಲು ಇಂಜಿನ್ ಮೇಲಿನಿಂದ ಚುಫ್ ಚುಫ್ ಅಂತ ಸದ್ದು ಬರುತ್ತದೆ. ಕ್ಯಾಬಿನ್ ಒಳಗೆ ಹೊಗೆಯ ವಾಸನೆ ಹೊಡೆಯುತ್ತದೆ. ಆಮೇಲೆ ಇಂಜೆಕ್ಟರ್ ಸುತ್ತ ಡಾಂಬರಿನ ಹಾಗೆ ಕಪ್ಪು ಅಂಟು ಕಟ್ಟುತ್ತದೆ. ಆ ಅಂಟಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡ ಇಂಜೆಕ್ಟರನ್ನು ಎಳೆಯುವುದೇ ಒಂದು ದಿನದ ಕೆಲಸ. ಎಳೆಯುವಾಗ ಇಂಜೆಕ್ಟರಿನ ಮೈ ಮುರಿದದ್ದೂ ಇದೆ. ಇನ್ನೂ ಬಿಟ್ಟರೆ ಗ್ಯಾಸು ಹೆಡ್ಡಿನ ಸೀಟನ್ನೇ, ಅಂದರೆ ವಾಷರ್ ಕೂರುವ ಜಾಗವನ್ನೇ, ಕೊರೆದು ದಾರಿ ಮಾಡಿಕೊಳ್ಳುತ್ತದೆ. ಆಗ ಹೊಸ ವಾಷರ್ ಹಾಕಿದರೂ ನಿಲ್ಲುವುದಿಲ್ಲ, ಸೀಟ್ ಕಟ್ಟರ್ ತರಿಸಬೇಕು. ವಾಷರ್ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಹೊಸದೇ ಆಗಬೇಕು.

ಹಳೇ ವಾಷರನ್ನು ಕಾಯಿಸಿ ಹಾಕುವ ಪದ್ಧತಿ ಇದೆಯಲ್ಲ, ಅದು ಸುಳ್ಳಾ ಅಂತ ಕೇಳಬಹುದು. ಸುಳ್ಳಲ್ಲ. ತಾಮ್ರವನ್ನು ಮಂದ ಕೆಂಪು ಬರುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಅದು ನಿಜವಾಗಿಯೂ ಮತ್ತೆ ಮೆತ್ತಗಾಗುತ್ತದೆ. ಉಕ್ಕನ್ನು ಹಾಗೆ ಅದ್ದಿದರೆ ಗಟ್ಟಿಯಾಗುತ್ತದೆ, ತಾಮ್ರ ಆಗುವುದಿಲ್ಲ. ನೀರಿಗೆ ಹಾಕುವುದು ಬೇಗ ತಣಿಯಲಿ, ಮೇಲಿನ ಕರಕು ಉದುರಲಿ ಅಂತ, ಅಷ್ಟೇ. ಆದರೆ ಕಾಯಿಸಿದರೆ ಮರಳಿ ಬರುವುದು ಮೆದುತನ ಮಾತ್ರ. ಒತ್ತಿಸಿಕೊಂಡು ಕಳೆದುಕೊಂಡ ದಪ್ಪ ಬರುವುದಿಲ್ಲ. ಇಂಜೆಕ್ಟರಿನ ಮೂತಿ ಸಿಲಿಂಡರಿನೊಳಗೆ ಎಷ್ಟು ಚಾಚಬೇಕು ಅನ್ನುವುದನ್ನು ನಿರ್ಧರಿಸುವುದು ಆ ದಪ್ಪವೇ. ಮೂತಿ ಕೆಳಗಿಳಿದರೆ ಡೀಸೆಲ್ ಚಿಮ್ಮುವ ಜಾಗ ತಪ್ಪುತ್ತದೆ. ಪಿಸ್ಟನ್ನಿನ ಬಟ್ಟಲಿನಲ್ಲಿ ಸರಿಯಾಗಿ ಉರಿಯದೆ ಹೊಗೆ ಬರುತ್ತದೆ, ಮೈಲೇಜ್ ಬೀಳುತ್ತದೆ.

ಆದ್ದರಿಂದ ಕಾಯಿಸುವ ದಾರಿಯನ್ನು ಹಳೇ ಮೆಕ್ಯಾನಿಕಲ್ ಇಂಜಿನ್ನಿಗೆ, ಭಾನುವಾರ ಅಂಗಡಿ ಮುಚ್ಚಿದಾಗ, ಗಾಡಿ ಮನೆ ಸೇರಿಸಲಿಕ್ಕೆ ಅಂತ ಇಟ್ಟುಕೊಳ್ಳಿ. ಅದೂ ವಾಷರ್ ಚಪ್ಪಟೆಯಾಗಿದ್ದು, ಪೂರ್ತಿ ತಾಮ್ರದ್ದಾಗಿದ್ದರೆ ಮಾತ್ರ. ಒಳ ಅಂಚಿನಿಂದ ಹೊರ ಅಂಚಿಗೆ ಅಡ್ಡಗೆರೆ ಬಿದ್ದಿದ್ದರೆ ಗ್ಯಾಸಿನ ದಾರಿ ಆಗಲೇ ಸಿದ್ಧವಾಗಿದೆ ಅಂತ ಅರ್ಥ. ಅದನ್ನು ಕಾಯಿಸಿಯೂ ಪ್ರಯೋಜನ ಇಲ್ಲ. ಎಮರಿ ಕಾಗದದಲ್ಲಿ ಉಜ್ಜಿ ನಯ ಮಾಡುವುದೂ ಬೇಡ, ಒಂದು ಕಡೆ ತೆಳು ಒಂದು ಕಡೆ ದಪ್ಪ ಆಗುತ್ತದೆ. ಬಟ್ಟಲಿನ ಆಕಾರದ ಉಕ್ಕಿನ ವಾಷರ್ ಇರುವ ಇಂಜಿನ್ ಆದರೆ ಕಾಯಿಸುವ ಮಾತೇ ಇಲ್ಲ. ಅದು ಒಂದೇ ಸಲ ಒತ್ತಿಸಿಕೊಳ್ಳುವಂಥದ್ದು, ಮೇಲೆ ಕೆಳಗೆ ಅಂತ ದಿಕ್ಕೂ ಇರುತ್ತದೆ. ಕಾಮನ್ ರೈಲಿಗೆ ಕಾಯಿಸಿದ ವಾಷರ್ ಯಾವತ್ತೂ ಬೇಡ.

ಡೀಸೆಲ್ ಫಿಲ್ಟರ್, ಫೀಡ್ ಪಂಪಿನ ಬ್ಯಾಂಜೊ ಬೋಲ್ಟಿಗೆ (ಒಳಗಿನ ತೂತಿನಲ್ಲಿ ಡೀಸೆಲ್ ಹಾಯುವ ಬೋಲ್ಟ್) ಬರುವ ತಾಮ್ರದ ವಾಷರ್ ಕಥೆ ಬೇರೆ. ಅಲ್ಲಿ ಒತ್ತಡ ಕಮ್ಮಿ, ಬಿಚ್ಚಲು ಐದು ನಿಮಿಷ ಸಾಕು. ಅಲ್ಲಿ ಕಾಯಿಸಿ ಹಾಕಿ, ನಾನೇನೂ ಅನ್ನುವುದಿಲ್ಲ. ಸೋರಿದರೆ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಎಡವಟ್ಟು ಹೊಸ ವಾಷರ್ ತಂದವರಲ್ಲೇ ಆಗುತ್ತದೆ. ಇಂಜೆಕ್ಟರ್ ಎಳೆದಾಗ ಹಳೇ ವಾಷರ್ ಎಷ್ಟೋ ಸಲ ಜೊತೆಗೆ ಬರುವುದಿಲ್ಲ. ಕರಕಿನಲ್ಲಿ ಅಂಟಿಕೊಂಡು ತಳದಲ್ಲೇ ಕೂತಿರುತ್ತದೆ. ಅದರ ಮೇಲೇ ಹೊಸದನ್ನು ಹಾಕಿ ಬಿಗಿ ಮಾಡುತ್ತಾರೆ. ಗೋಣಿಕೊಪ್ಪದ ಕಡೆಯ ಒಂದು ಪಿಕಪ್ಪಿನಲ್ಲಿ ಹೀಗೇ ಆಗಿತ್ತು. ಹೊಸ ಇಂಜೆಕ್ಟರ್ ಹಾಕಿದರೂ ಒಂದು ಸಿಲಿಂಡರ್ ಸರಿಯಾಗಿ ಹೊಡೆಯುತ್ತಿರಲಿಲ್ಲ, ಕಪ್ಪು ಹೊಗೆ ಬೇರೆ. ಇಂಜೆಕ್ಟರ್ ಸರಿಯಿಲ್ಲ ಅಂತ ಅಂಗಡಿಯವರ ಜೊತೆ ಜಗಳವೂ ಆಯಿತು. ಕೊನೆಗೆ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಎರಡು ವಾಷರ್. ಬಿಚ್ಚಿದ ಇಂಜೆಕ್ಟರಿನ ಮೂತಿಯಲ್ಲಿ ವಾಷರ್ ಇಲ್ಲದಿದ್ದರೆ ಅದು ಗೂಡಿನೊಳಗೇ ಇದೆ ಅಂತ ತಿಳಿಯಿರಿ. ಕೊಕ್ಕೆ ತಂತಿ ಹಾಕಿ ಎತ್ತಿ ತೆಗೆಯಿರಿ.

ಸೀಟ್ ಶುಚಿ ಮಾಡುವ ಕೆಲಸಕ್ಕೆ ಅರ್ಧ ಗಂಟೆ ಹೋದರೂ ಹೋಗಲಿ. ಮೂತಿಯ ತೂತಿಗೆ ಗ್ರೀಸ್ ಹಚ್ಚಿದ ಬಟ್ಟೆಯ ಬಿರಡೆ ಕೊಟ್ಟು, ಸೀಟಿನ ಕರಕನ್ನು ರೀಮರಿನಲ್ಲಿ ಕೈಯಲ್ಲೇ ತಿರುಗಿಸಿ ತೆಗೆದು, ಪುಡಿಯನ್ನು ಹೊರಗೆ ಎಳೆದುಕೊಳ್ಳಬೇಕು. ಬಿರಡೆ ತೆಗೆಯುವುದು ಮರೆಯಬಾರದು. ಸೀಟಿನ ಮೇಲೆ ಸಾಸಿವೆಯ ಕಾಲುಭಾಗದಷ್ಟು ಕರಕು ಉಳಿದರೂ ಹೊಸ ವಾಷರ್ ಓರೆಯಾಗಿ ಕೂರುತ್ತದೆ. ವಾಷರಿಗೆ ಶೆಲ್ಯಾಕ್, ಗ್ಯಾಸ್ಕೆಟ್ ಪೇಸ್ಟ್ ಹಚ್ಚುವುದು ಬೇಡವೇ ಬೇಡ. ಆ ಬಿಸಿಗೆ ಅದು ಸುಟ್ಟು ಪುಡಿಯಾಗುತ್ತದೆ, ಅಲ್ಲಿ ಸಂದಿ ಉಳಿಯುತ್ತದೆ.

ಓ ರಿಂಗ್

ಹೊಸ ಓ ರಿಂಗನ್ನು ಬೆರಳಲ್ಲಿ ಹಿಸುಕಿ ಬಿಟ್ಟರೆ ತಕ್ಷಣ ದುಂಡಗಾಗುತ್ತದೆ. ಹಳೇದರ ಹೊರ ಅಂಚು ಚಪ್ಪಟೆಯಾಗಿಯೇ ಇರುತ್ತದೆ. ಗೋಡೆಗೆ ಒತ್ತಿಕೊಂಡು ಹಿಡಿಯುವ ಶಕ್ತಿ ಅಷ್ಟು ಹೋಯಿತು ಅಂತ ಲೆಕ್ಕ. ಕಣ್ಣಿಗೆ ಬಿರುಕು ಕಾಣದಿದ್ದರೂ ಅದರ ಕೆಲಸ ಮುಗಿದಿದೆ.

ಓ ರಿಂಗ್ ಎಲ್ಲಿದೆ ಅನ್ನುವುದರ ಮೇಲೆ ಅಪಾಯ ಬದಲಾಗುತ್ತದೆ. ಕೆಲವು ಇಂಜಿನ್‌ಗಳಲ್ಲಿ ಇಂಜೆಕ್ಟರಿನ ರಿಟರ್ನ್ ಡೀಸೆಲ್ (ಉರಿಯದೆ ಟ್ಯಾಂಕಿಗೆ ಮರಳುವುದು) ಹೆಡ್ಡಿನ ಒಳಗಿನ ದಾರಿಯಲ್ಲೇ ಹೋಗುತ್ತದೆ. ಅಲ್ಲಿ ಮೈಮೇಲಿನ ಓ ರಿಂಗ್ ಸೋತರೆ ಡೀಸೆಲ್ ಸೀದಾ ಇಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್ ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಕಮ್ಮಿಯಾಗುವ ಬದಲು ಏರಿರುತ್ತದೆ, ಡೀಸೆಲ್ ವಾಸನೆ ಹೊಡೆಯುತ್ತದೆ. ಆಯಿಲ್ ತೆಳುವಾದರೆ ಬೇರಿಂಗ್ ಹೋಗುತ್ತದೆ, ಇಂಜಿನ್ನೇ ಇಳಿಸಬೇಕಾಗುತ್ತದೆ. ರಿಟರ್ನ್ ಪೈಪ್ ಹೊರಗಿರುವ ಇಂಜಿನ್‌ಗಳಲ್ಲಿ ಇಷ್ಟು ದೊಡ್ಡ ಅನಾಹುತ ಇಲ್ಲ. ಅಲ್ಲಿ ಮೇಲಿನ ಓ ರಿಂಗ್ ಇಂಜೆಕ್ಟರ್ ಗೂಡಿಗೆ ನೀರು, ಕೊಳೆ ಇಳಿಯದಂತೆ ಕಾಯುತ್ತದೆ. ಆದರೆ ನಮ್ಮ ಮಳೆ ನಿಮಗೆ ಗೊತ್ತಲ್ವಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಡಿನಲ್ಲಿ ನೀರು ನಿಂತರೆ ಇಂಜೆಕ್ಟರ್ ತುಕ್ಕು ಹಿಡಿದು ಹೆಡ್ಡಿಗೇ ಕಚ್ಚಿಕೊಳ್ಳುತ್ತದೆ. ಮುಂದಿನ ಸಲ ಬಿಚ್ಚುವವರಿಗೆ ನರಕ.

ರಿಟರ್ನ್ ಪೈಪಿನ ಕ್ಲಿಪ್ಪಿನಲ್ಲಿ ಸಣ್ಣ ಓ ರಿಂಗ್ ಇರುತ್ತದೆ. ಅದು ಸೋತರೆ ಡೀಸೆಲ್ ಜಿನುಗುತ್ತದೆ, ಕೆಲವದರಲ್ಲಿ ಗಾಳಿಯೂ ಒಳಗೆ ಹೋಗುತ್ತದೆ. ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಸುವ ಗಾಡಿಗಳಲ್ಲಿ ಇದನ್ನೂ ಒಮ್ಮೆ ನೋಡಿ. ಪ್ಲಾಸ್ಟಿಕ್ ಕ್ಲಿಪ್ ಬಿಸಿಗೆ ಗರಿಗರಿ ಆಗಿರುತ್ತದೆ. ಮುರಿಯದೆ ಬಿಚ್ಚಿ ಬಂದರೆ ಮತ್ತೆ ಹಾಕಬಹುದು, ಓ ರಿಂಗ್ ಮಾತ್ರ ಹೊಸದಾಗಲಿ.

ಅಂಗಡಿಯ ಡಬ್ಬಿಯಲ್ಲಿ ಎಲ್ಲ ಸೈಜಿನ ಓ ರಿಂಗ್ ಇರುತ್ತವೆ. ಸೈಜ್ ಕೂತಿತು ಅಂತ ಹಾಕಬೇಡಿ. ಮಾಮೂಲಿ ನೈಟ್ರೈಲ್ ರಬ್ಬರ್ ತಾಳುವುದು ಹೆಚ್ಚೆಂದರೆ 100ರಿಂದ 120 ಡಿಗ್ರಿ ಬಿಸಿ. ವೈಟಾನ್ ಸುಮಾರು 200 ಡಿಗ್ರಿಯವರೆಗೆ ತಾಳುತ್ತದೆ. ಸಾದಾ ರಬ್ಬರ್ ಡೀಸೆಲಿನಲ್ಲಿ ಊದಿಕೊಳ್ಳುತ್ತದೆ. ಸಿಲಿಕಾನ್ ಬಿಸಿ ತಾಳಿದರೂ ಡೀಸೆಲಿಗೆ ಆಗುವುದಿಲ್ಲ. ಕಂದು ಬಣ್ಣ ಇದ್ದರೆ ವೈಟಾನ್ ಅಂತ ಹೇಳುವವರು ಇದ್ದಾರೆ. ವೈಟಾನ್ ಕಪ್ಪಿನಲ್ಲೂ ಬರುತ್ತದೆ, ಹಸಿರಿನಲ್ಲೂ ಬರುತ್ತದೆ, ಕಂದು ಬಣ್ಣದ ಬೇರೆ ರಬ್ಬರೂ ಸಿಗುತ್ತದೆ. ಬಣ್ಣ ನಂಬದೆ ಇಂಜೆಕ್ಟರಿನ ಪಾರ್ಟ್ ನಂಬರ್ ಹೇಳಿ ಕಿಟ್ಟನ್ನೇ ತಗೊಳ್ಳಿ. ಹಾಕುವಾಗ ಶುದ್ಧ ಡೀಸೆಲ್ ಇಲ್ಲವೇ ಇಂಜಿನ್ ಆಯಿಲ್ ಸವರಿ, ತಿರುಚದೆ ಕೂರಿಸಿ. ಒಣಗಿದ್ದನ್ನು ತಳ್ಳಿದರೆ ಗೂಡಿನ ಅಂಚಿಗೆ ತಾಗಿ ಹೆರೆದುಹೋಗುತ್ತದೆ. ಮೇಲಿನಿಂದ ನೋಡಿದರೆ ಅದು ಗೊತ್ತೂ ಆಗುವುದಿಲ್ಲ.

ಹೈ ಪ್ರೆಶರ್ ಪೈಪ್: ನಿಜವಾದ ಗೊಂದಲ ಇಲ್ಲೇ

ವಾಷರ್, ಓ ರಿಂಗ್ ಕಡಿಮೆ ಬೆಲೆಯವು. ಅವುಗಳ ಬಗ್ಗೆ ಜಗಳ ಮಾಡುವುದರಲ್ಲಿ ಅರ್ಥ ಇಲ್ಲ. ಪೈಪ್ ಹಾಗಲ್ಲ. ನಾಲ್ಕು ಅಥವಾ ಆರು ಪೈಪ್ ಅಂದರೆ ದುಡ್ಡು ಆಗುತ್ತದೆ. ಹಲವು ಕಂಪನಿಗಳು ಬಿಚ್ಚಿದ ಪೈಪನ್ನು ಮತ್ತೆ ಹಾಕಬೇಡಿ ಅನ್ನುತ್ತವೆ. ಕೆಲವು ಕಂಪನಿಗಳು ಅದೇ ಜಾಗಕ್ಕೆ ಹಾಕುವುದಾದರೆ ಪರವಾಗಿಲ್ಲ ಅನ್ನುತ್ತವೆ. ಗ್ಯಾರೇಜಿನಲ್ಲಿ ಹೆಚ್ಚಿನವರು ಹಳೇದನ್ನೇ ಹಾಕುತ್ತಾರೆ, ಗಾಡಿಗಳು ಓಡುತ್ತಲೂ ಇವೆ. ಯಾರನ್ನು ನಂಬೋದು?

ಪೈಪಿನ ತುದಿ ಶಂಕುವಿನ ಆಕಾರದಲ್ಲಿರುತ್ತದೆ. ನಟ್ ಬಿಗಿ ಮಾಡಿದಾಗ ಅದು ಇಂಜೆಕ್ಟರಿನ ಬಾಯಿಗೆ ಒತ್ತಿ, ಆ ಬಾಯಿಯ ಆಕಾರವನ್ನೇ ತೆಗೆದುಕೊಳ್ಳುತ್ತದೆ. ಅದೇ ಇಂಜೆಕ್ಟರ್ ಅದೇ ಜಾಗಕ್ಕೆ ಮರಳಿ ಬಂದರೆ ಎರಡೂ ಹೊಂದಿಕೊಳ್ಳುವ ಸಾಧ್ಯತೆ ಇದೆ. ಇಂಜೆಕ್ಟರ್ ಹೊಸದಾದರೆ ಹಳೇ ಗುರುತು ಹೊಸ ಬಾಯಿಗೆ ಕೂರಬೇಕು ಅಂತೇನೂ ಇಲ್ಲ. ಕೂರಿಸಲು ಜಾಸ್ತಿ ಬಿಗಿ ಮಾಡಿದರೆ ಬಾಯಿ ಬಿರಿಯುತ್ತದೆ, ಇಲ್ಲವೇ ಉಕ್ಕಿನ ಸಣ್ಣ ಚಕ್ಕೆ ಏಳುತ್ತದೆ. ಆ ಚಕ್ಕೆ ಫಿಲ್ಟರ್ ದಾಟಿದ ಮೇಲಿನದು. ಸೀದಾ ಹೊಸ ಇಂಜೆಕ್ಟರ್ ಒಳಗೆ ಹೋಗುತ್ತದೆ. ಪೈಪ್ ಉಳಿಸಲು ಹೋಗಿ ಇಂಜೆಕ್ಟರ್ ಕಳೆದುಕೊಂಡ ಹಾಗೆ.

ನನ್ನ ಅಭಿಪ್ರಾಯ ಹೀಗಿದೆ. ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ತುದಿ ಚೆನ್ನಾಗಿದ್ದರೆ ಪೈಪ್ ಮತ್ತೆ ಹಾಕಿ. ಕಾಮನ್ ರೈಲಿನಲ್ಲಿ ವಾಷರ್ ಬದಲಿಸಲಿಕ್ಕೆ ಮಾತ್ರ ಬಿಚ್ಚಿ, ಅದೇ ಇಂಜೆಕ್ಟರನ್ನು ಅದೇ ಸಿಲಿಂಡರಿಗೆ ಹಾಕುತ್ತಿದ್ದರೆ, ಕಂಪನಿ ಒಪ್ಪಿದ್ದರೆ, ಶಂಕುವಿನ ಸುತ್ತ ಗುರುತು ಒಂದೇ ಸಮ ಇದ್ದರೆ ಆ ಪೈಪನ್ನೇ ಹಾಕಬಹುದು. ಇಂಜೆಕ್ಟರ್ ಹೊಸದು ಅಂದಮೇಲೆ ಆ ಸಿಲಿಂಡರಿನ ಪೈಪೂ ಹೊಸದಾಗಲಿ. ನಾಲ್ಕನ್ನೂ ಬದಲಿಸಬೇಕಿಲ್ಲ, ಹೊಸ ಇಂಜೆಕ್ಟರಿಗೆ ಸೇರುವ ಪೈಪ್ ಸಾಕು. ಹೆಡ್ಡಿನ ಪಕ್ಕದಿಂದ ಒಳಗೆ ಹೋಗಿ ಇಂಜೆಕ್ಟರಿಗೆ ಕಚ್ಚುವ ಕನೆಕ್ಟರ್ ಟ್ಯೂಬ್ ಇರುವ ಇಂಜಿನ್ ಆದರೆ, ಅಂದರೆ ಕಾಮನ್ ರೈಲಿನ ಕಮ್ಮಿನ್ಸ್ ಐಎಸ್‌ಬಿಇ ಥರದ್ದು, ಆ ಟ್ಯೂಬಿನ ವಿಷಯದಲ್ಲೂ ಇದೇ ಮಾತು. ಅಲ್ಲಿ ಸೋರಿದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ರಿಟರ್ನ್ ಜಾಸ್ತಿಯಾಗಿ ರೈಲಿನಲ್ಲಿ ಪ್ರೆಶರ್ ಏರದೆ ಸ್ಟಾರ್ಟ್ ಆಗುವುದಿಲ್ಲ. ಜನ ಪಂಪ್ ಹೋಯಿತು ಅಂದುಕೊಳ್ಳುತ್ತಾರೆ.

ಹಳೇ ಪೈಪ್ ಹಾಕುವವರು ಬಿಚ್ಚಿದ ಕೂಡಲೇ ಎರಡೂ ತುದಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಯಾವ ಸಿಲಿಂಡರಿನದು ಅಂತ ನಂಬರ್ ಬರೆದಿಡಿ. ಕಾಟನ್ ವೇಸ್ಟ್ ತುರುಕಬೇಡಿ, ಅದರ ಒಂದು ನೂಲಿನ ಎಳೆ ಸಾಕು ಸೂಜಿ ಸಿಕ್ಕಿಕೊಳ್ಳಲಿಕ್ಕೆ. ಹೊಂದುತ್ತಿಲ್ಲ ಅಂತ ಪೈಪ್ ಬಗ್ಗಿಸಬೇಡಿ. ಕೂರಿಸುವ ಕ್ರಮವೂ ಮುಖ್ಯ. ಹೆಚ್ಚಿನ ಇಂಜಿನ್‌ಗಳಲ್ಲಿ ಇಂಜೆಕ್ಟರನ್ನು ಒತ್ತಿ ಹಿಡಿಯುವ ಕ್ಲಾಂಪನ್ನು ಸಡಿಲವಾಗಿ ಹಾಕಿ, ಪೈಪಿನ ನಟ್ಟನ್ನು ಕೈಯಲ್ಲೇ ಕೊನೆವರೆಗೆ ತಿರುಗಿಸಿ, ಎರಡೂ ನೇರವಾದ ಮೇಲೆ ಮೊದಲು ಕ್ಲಾಂಪ್, ಆಮೇಲೆ ಪೈಪ್ ಬಿಗಿ ಮಾಡುತ್ತಾರೆ. ನಿಮ್ಮ ಇಂಜಿನ್ನಿನ ಪುಸ್ತಕದಲ್ಲಿ ಬೇರೆ ಕ್ರಮ ಇದ್ದರೆ ಅದನ್ನೇ ನಡೆಸಿ.

ಇಲ್ಲೊಂದು ಜೀವದ ವಿಷಯ ಹೇಳಲೇಬೇಕು. ಹಳೇ ಗಾಡಿಯಲ್ಲಿ ಯಾವ ಸಿಲಿಂಡರ್ ಹೊಡೆಯುತ್ತಿಲ್ಲ ಅಂತ ತಿಳಿಯಲು ಇಂಜಿನ್ ಓಡುವಾಗಲೇ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ ನೋಡುವ ಅಭ್ಯಾಸ ಇದೆ. ಕಾಮನ್ ರೈಲಿನಲ್ಲಿ ಇದನ್ನು ಮಾಡಲೇಬೇಡಿ. ಸೋರುತ್ತಿದೆಯಾ ಅಂತ ಬೆರಳಿಟ್ಟು ನೋಡುವುದೂ ಬೇಡ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ, ನೋವೂ ಮೊದಲು ಜಾಸ್ತಿ ಇರುವುದಿಲ್ಲ. ಒಳಗೆ ಮಾಂಸ ಸಾಯುತ್ತಾ ಹೋಗುತ್ತದೆ, ಬೆರಳು ಅಥವಾ ಕೈ ಕಳೆದುಕೊಳ್ಳುವ ಮಟ್ಟಕ್ಕೆ ಬರುತ್ತದೆ. ಹಾಗೇನಾದರೂ ಆದರೆ ಅರಿಶಿನ ಮೆತ್ತಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ, ಹೈ ಪ್ರೆಶರ್ ಡೀಸೆಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ. ಇಂಜಿನ್ ಆಫ್ ಮಾಡಿದ ಮೇಲೂ ರೈಲಿನ ಒತ್ತಡ ಇಳಿಯಲು ಕಂಪನಿ ಹೇಳಿದಷ್ಟು ಹೊತ್ತು ಕಾದು ನಂತರ ಪಾನಾ ಹಾಕಿ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ದಯವಿಟ್ಟು ಹೇಳಿ.

ಬೋಲ್ಟ್, ಕ್ಲಾಂಪ್, ಟ್ಯಾಪೆಟ್ ಕವರ್

ಕ್ಲಾಂಪ್ ಬಾಗಿಲ್ಲ, ಬಿರುಕಿಲ್ಲ ಅಂದರೆ ಮತ್ತೆ ಹಾಕಿ. ಬೋಲ್ಟಿನಲ್ಲಿ ಎರಡು ಜಾತಿ. ಇಷ್ಟು ಟಾರ್ಕ್ ಅಂತ ಮಾತ್ರ ಹೇಳಿದ್ದರೆ, ಥ್ರೆಡ್ ಚೆನ್ನಾಗಿದ್ದರೆ ಹಳೇದು ಸಾಕು. ಇಷ್ಟು ಟಾರ್ಕ್ ಆದ ಮೇಲೆ 90 ಡಿಗ್ರಿ ತಿರುಗಿಸಿ ಅಂತ ಕೋನದ ಲೆಕ್ಕ ಇದ್ದರೆ ಅದು ಸಾಮಾನ್ಯವಾಗಿ ಎಳೆದುಕೊಳ್ಳುವ ಬೋಲ್ಟ್. ಒಮ್ಮೆ ಎಳೆದುಕೊಂಡದ್ದು ಎರಡನೇ ಸಲ ಅದೇ ಬಿಗಿ ಕೊಡುವುದಿಲ್ಲ, ಹೊಸದು ತನ್ನಿ. ಹೆಡ್ಡಿನ ಮೇಲೆ ಮುಚ್ಚುವ ಟ್ಯಾಪೆಟ್ ಕವರಿನ ರಬ್ಬರ್ ಪ್ಯಾಕಿಂಗ್ ಮೆತ್ತಗಿದ್ದರೆ ಮತ್ತೆ ಹಾಕಬಹುದು. ಸೋರಿದರೆ ಆಯಿಲ್ ಕಣ್ಣಿಗೆ ಕಾಣುತ್ತದೆ, ಬದಲಿಸುವುದು ಸುಲಭ. ಕಾರ್ಕ್ ಆದರೆ ಹೊಸದೇ.

ಇಂಜೆಕ್ಟರ್: ಹೊಸದಾ, ರಿಪೇರಿಯಾ?

ಬಿಚ್ಚುವ ಮೊದಲು ರಿಟರ್ನ್ ಟೆಸ್ಟ್ ಮಾಡಿಸಿ. ಪ್ರತಿ ಇಂಜೆಕ್ಟರಿನ ರಿಟರ್ನ್ ಬಾಯಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಇಂಜಿನ್ ಓಡಿಸುತ್ತಾರೆ. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಒಳಗೆ ಸವೆದಿದೆ. ನಾಲ್ಕೂ ಬೇಗ ತುಂಬಿದರೆ ನಾಲ್ಕೂ ವಯಸ್ಸಾದವು. ಈ ಟೆಸ್ಟಿಗೆ ಹೆಚ್ಚು ಖರ್ಚಿಲ್ಲ. ಒಂದನ್ನು ಬದಲಿಸಬೇಕಾ, ಎಲ್ಲವನ್ನೂ ಬದಲಿಸಬೇಕಾ ಅನ್ನುವುದಕ್ಕೆ ಇದಕ್ಕಿಂತ ಒಳ್ಳೇ ಉತ್ತರ ಇಲ್ಲ.

ಮೆಕ್ಯಾನಿಕಲ್ ಇಂಜೆಕ್ಟರ್ ಆದರೆ ಹೊಸ ನಾಜಲ್ ಹಾಕಿಸಿ, ಪ್ರೆಶರ್ ಸೆಟ್ ಮಾಡಿಸುವುದೇ ಜಾಣತನ. ಪೂರ್ತಿ ಹೊಸದು ತರುವ ಅಗತ್ಯ ಕಾಣುವುದಿಲ್ಲ. ಕಾಮನ್ ರೈಲಿನಲ್ಲಿ ರೀಕಂಡಿಷನ್ ಮಾಡಿದ್ದನ್ನು ತರುವುದಾದರೆ ಟೆಸ್ಟ್ ಬೆಂಚಿನ ರಿಪೋರ್ಟ್ ಕೇಳಿ. ರಿಪೋರ್ಟ್ ಇಲ್ಲ ಅಂದರೆ ಅದು ತೊಳೆದು ಹೊಳಪು ಮಾಡಿದ ಹಳೇ ಇಂಜೆಕ್ಟರ್ ಆಗಿರಬಹುದು. ಹೆಚ್ಚಿನ ಕಾಮನ್ ರೈಲ್ ಇಂಜೆಕ್ಟರಿನ ತಲೆಯ ಮೇಲೆ ಅಕ್ಷರ, ಅಂಕೆಗಳ ಒಂದು ಕೋಡ್ ಇರುತ್ತದೆ. ಆ ಇಂಜೆಕ್ಟರ್ ಎಷ್ಟು ಡೀಸೆಲ್ ಬಿಡುತ್ತದೆ ಅನ್ನುವ ಸಣ್ಣ ವ್ಯತ್ಯಾಸ ಅದರಲ್ಲಿದೆ. ಅದನ್ನು ಸ್ಕ್ಯಾನರಿನಲ್ಲಿ ಇಸಿಎಂಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಹಾಕಲೇಬೇಕು. ಹಾಕದಿದ್ದರೆ ಗಾಡಿ ಓಡುತ್ತದೆ, ಆದರೆ ಟಕಟಕ ಸದ್ದು, ಹೊಗೆ, ಮೈಲೇಜ್ ಇಳಿತ ಬರಬಹುದು. ಹಳೇ ಇಂಜೆಕ್ಟರುಗಳನ್ನೇ ಮರಳಿ ಹಾಕುವಾಗ ಸಿಲಿಂಡರ್ ಅದಲುಬದಲಾದರೂ ಕೋಡ್ ತಪ್ಪುತ್ತದೆ. ಆದ್ದರಿಂದ ಬಿಚ್ಚುವಾಗಲೇ ನಂಬರ್ ಹಾಕಿ, ಕೋಡಿನ ಫೋಟೋ ತೆಗೆದುಕೊಳ್ಳಿ. ಬಿಎಸ್ 6 ಗಾಡಿಯವರಿಗೆ ಇನ್ನೊಂದು ಚಿಂತೆ ಇದೆ. ಸರಿಯಾಗಿ ಉರಿಯದ ಡೀಸೆಲಿನ ಮಸಿ ಹೋಗಿ ಸೇರುವುದು ಡಿಪಿಎಫ್‌ಗೆ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿಗೆ. ಅದು ಕಟ್ಟಿಕೊಂಡರೆ ಇಂಜೆಕ್ಟರ್ ಖರ್ಚು ಚಿಕ್ಕದಾಗಿ ಕಾಣುತ್ತದೆ.

ಯಾರಿಗೆ ಯಾವ ದಾರಿ

ಎಲ್ಲ ಹಳೇದನ್ನೇ ಹಾಕುವ ದಾರಿ ಕಾಮನ್ ರೈಲಿಗೆ ಇಲ್ಲ ಅಂತಲೇ ತಿಳಿಯಿರಿ. ಹಳೇ ಗಾಡಿ, ಎಸ್ಟೇಟ್ ಒಳಗೇ ಓಡಾಟ, ನಾಜಲ್ ಬಿಚ್ಚಲು ಒಂದು ಗಂಟೆ ಸಾಕು ಅನ್ನುವವರು ಪೈಪ್, ಬೋಲ್ಟ್ ಹಳೇದಿಟ್ಟುಕೊಂಡು ವಾಷರ್ ಮಾತ್ರ ಹೊಸದು ಹಾಕಿ ನೆಮ್ಮದಿಯಾಗಿ ಇರಬಹುದು. ಅದು ಎಸ್ಟೇಟ್ ಗಾಡಿಯಾಗಿದ್ದರೆ ಡೀಸೆಲ್ ತುಂಬಿಡುವ ಬ್ಯಾರಲನ್ನೂ ಒಮ್ಮೆ ನೋಡಿ. ನಮ್ಮ ತೇವಕ್ಕೆ ಅದರ ತಳದಲ್ಲಿ ನೀರು ಸೇರುತ್ತದೆ. ಇಂಜೆಕ್ಟರ್ ಹಾಳಾಗಲು ಅದೇ ಕಾರಣ ಆಗಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಮುಂದಿನ ವರ್ಷ ಮತ್ತೆ ಇದೇ ಕೆಲಸ.

ಕಾಮನ್ ರೈಲ್ ಪಿಕಪ್, ಸ್ವಂತ ಊರಲ್ಲೇ ಬಾಡಿಗೆ, ಅದೇ ಇಂಜೆಕ್ಟರ್ ಮರಳಿ ಹಾಕುವುದು ಅಂದರೆ ವಾಷರ್, ಓ ರಿಂಗ್ ಎಲ್ಲ ಹೊಸದು, ಎಳೆದುಕೊಳ್ಳುವ ಬೋಲ್ಟ್ ಆಗಿದ್ದರೆ ಅದೂ ಹೊಸದು, ಪೈಪ್ ನೋಡಿ ತೀರ್ಮಾನ. ಹೆಚ್ಚಿನವರಿಗೆ ಇದೇ ಸರಿಯಾದ ನಡುದಾರಿ.

ಘಾಟಿ ಇಳಿದು ಮಂಗಳೂರು, ಕೇರಳಕ್ಕೆ ಲೋಡ್ ಒಯ್ಯುವ ಲಾರಿ, ಹೊಸ ಇಂಜೆಕ್ಟರ್ ಅಂದರೆ ಪೈಪ್ ಸಮೇತ ಹೊಸದು. ಇಲ್ಲಿ ನಾನು ಉಳಿತಾಯದ ಮಾತೇ ಆಡುವುದಿಲ್ಲ. ಒಂದು ಟ್ರಿಪ್ ತಪ್ಪಿದರೆ ಹೋಗುವ ಬಾಡಿಗೆ, ಟೋಯಿಂಗ್, ಎರಡನೇ ಸಲದ ಕೂಲಿ ಇವನ್ನು ಒಂದು ಕಡೆ ಬರೆದು, ಪೈಪಿನ ಬೆಲೆಯನ್ನು ಇನ್ನೊಂದು ಕಡೆ ಬರೆದು ನೋಡಿ.

ಕೆಲಸ ಯಾವಾಗ ಮಾಡಿಸುವುದು ಅನ್ನುವುದೂ ಖರ್ಚಿನ ಭಾಗವೇ. ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿಯಲ್ಲಿ ಭಾರೀ ವಾಹನ ನಿಲ್ಲಿಸುವುದು ಇದ್ದದ್ದೇ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸಂಪಾಜೆ ರಸ್ತೆಯೇ ಕುಸಿದಿತ್ತು. ಗಾಡಿ ಹೇಗೂ ನಿಂತಿರುವ ಆ ದಿನಗಳು, ಇಲ್ಲವೇ ಕೈಲ್ ಮುಹೂರ್ತ ಕಳೆದು ಹುತ್ತರಿ ಬರುವ ನಡುವಿನ ವಾರಗಳು ಇದಕ್ಕೆ ಒಳ್ಳೇ ಸಮಯ. ಆಗ ಪಾರ್ಟ್ಸ್ ಮೈಸೂರಿನಿಂದ ಬರುವವರೆಗೆ ಕಾಯಬಹುದು. ಕಾಫಿ ಕೊಯ್ಲು ಬಿರುಸಾದ ಮೇಲೆ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ, ಹಳೇ ವಾಷರ್ ಮತ್ತೆ ಒಳಗೆ ಹೋಗುವುದು ಆಗಲೇ.

ಪಾರ್ಟ್ಸ್ ತರಲು ಹೋಗುವಾಗ ಗಾಡಿಯ ಮಾಡೆಲ್ ಹೆಸರು ಮಾತ್ರ ಹೇಳಿದರೆ ಸಾಲದು. ಚಾಸಿಸ್ ನಂಬರ್, ಇಂಜಿನ್ ನಂಬರ್, ಇಂಜೆಕ್ಟರಿನ ಮೇಲಿನ ನಂಬರ್ ಮೂರೂ ಒಯ್ಯಿರಿ. ವಾಷರ್ 1.5, 2, 2.5, 3 ಮಿಲಿಮೀಟರ್ ಹೀಗೆ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಹಳೇದನ್ನು ತೋರಿಸಿ ಅಂಥದ್ದೇ ಕೊಡಿ ಅಂದರೆ ಒತ್ತಿ ತೆಳುವಾದದ್ದರ ಅಳತೆ ತೋರಿಸಿದ ಹಾಗಾಗುತ್ತದೆ.

ಇಂಜೆಕ್ಟರ್ ಬಿಚ್ಚಿದಾಗ ಹೆಡ್ಡಿನಲ್ಲಿದ್ದ ಡೀಸೆಲ್ ಸಿಲಿಂಡರಿಗೆ ಇಳಿದಿರಬಹುದು. ಅದನ್ನು ಹೀರಿ ತೆಗೆದು, ಇಂಜಿನ್ನನ್ನು ಮೊದಲು ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ಡೀಸೆಲ್ ಗಾಳಿಯ ಹಾಗೆ ಒತ್ತಿಸಿಕೊಳ್ಳುವುದಿಲ್ಲ, ಹಾಗೇ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯ ಇದೆ. ಸ್ಟಾರ್ಟ್ ಆದ ಮೇಲೆ ಪೈಪಿನ ಜೋಡಣೆಗಳ ಹತ್ತಿರ ಒಂದು ರಟ್ಟಿನ ತುಂಡು ಹಿಡಿದು ತೇವ ಆಗುತ್ತದಾ ನೋಡಿ, ಕೈ ದೂರ ಇರಲಿ. ಮೊದಲ ಲೋಡ್ ಟ್ರಿಪ್ ಮುಗಿಸಿ ಬಂದ ಮಾರನೇ ಬೆಳಗ್ಗೆ, ಇಂಜಿನ್ ತಣ್ಣಗಿರುವಾಗ ಡಿಪ್ ಸ್ಟಿಕ್ ಎಳೆಯಿರಿ. ಮಟ್ಟ ಏರಿದ್ದರೆ ಅಥವಾ ಡೀಸೆಲ್ ವಾಸನೆ ಬಂದರೆ ಅವತ್ತು ಗಾಡಿ ಎತ್ತಬೇಡಿ.